ಜೇಬು ಹೊಲಿಯೋ ರಾಗ

ನಮ್ಮವ್ವ ಬಳ್ಳಾರಿಯ ನಮ್ಮ ಮನಿಯಾಗ ಹೊಲಿಗಿ ಮಷೀನಿನ ಮುಂದ ಕುಂತು ಜೀನ್ಸ್ ಪ್ಯಾಂಟಿನ ಹಿಂದಿನ ಜೇಬು ಹೊಲೀತಿದ್ಲು. ನಾನು ಆರ್ಕೆಸ್ಟ್ರಾದಾಗ ಸಿನಿಮಾ ಹಾಡು ಹಾಡ್ತಿದ್ದೆ. ಊರಾಗ ಗಣಿಯ ದುಡ್ಡು ಕುಣಿದಾಡ್ತಿದ್ದ ಕಾಲ. ಎಲ್ಲಿ ನೋಡಿದ್ರೂ ದೊಡ್ಡ ದೊಡ್ಡ ಮದುವಿ, ಮದುವಿಗೊಂದು ಆರ್ಕೆಸ್ಟ್ರಾ. ಬ್ಯಾರೆಯವರ ದನಿಯಾಗ ಹಾಡಿ ಹಾಡಿ ನನಗ ನನ್ನ ದನಿನ ಮರೆತು ಹೋಗಿತ್ತು. ನನ್ನದ ಒಂದು ಆಲ್ಬಂ ಮಾಡ್ಬೇಕು, ಈ ಕಡಿ ಯಾರೂ ಕೇಳಿರಬಾರದು ಅಂಥಾದ್ದು, ಅಂತ ಹಠ ಹಿಡಿದೆ. ಹಠ ಅಂದ್ರ ನಂದು ಕೆಟ್ಟ ಹಠ, ನಮ್ಮವ್ವನ್ನ ಕೇಳ್ರಿ ಬೇಕಾದ್ರ.

ಅವ್ವ ಹೊಲಿಯುವಾಗ ಗುನುಗ್ತಿದ್ಲು. ಮಾತಿಲ್ಲ, ಬರೇ ಮೂಗಿನಾಗ ಒಂದು ರಾಗ. ಜೇಬಿನ ಒಂದು ಮಗ್ಗಲು ಇಳಿಯುವಾಗ ರಾಗಾನೂ ಇಳೀತಿತ್ತು. ಮೂಲಿ ಬಂದ್ರ ಸೂಜಿ ನಿಲ್ತಿತ್ತು, ಗುನುಗೂ ನಿಲ್ತಿತ್ತು. ಬಟ್ಟಿ ತಿರುಗಿಸಿದ ಕೂಡ್ಲೆ ನಿಂತಲ್ಲಿಂದಾನ ಎದ್ದು ಮತ್ತ ಹೊಂಡ್ತಿತ್ತು. ಮಧ್ಯಾಹ್ನದ ಹೊತ್ತು, ಕಿಟಕಿ ಬಿಸಿಲಿನಾಗ ಅದಿರಿನ ಕೆಂಪು ಧೂಳು ತೇಲ್ತಿರ್ತಿತ್ತು, ಅವ್ವನ ತೊಡಿ ಮ್ಯಾಲಿಂದ ನೀಲಿ ಬಟ್ಟಿ ನೆಲಕ್ಕ ಇಳಿಬಿದ್ದಿರ್ತಿತ್ತು, ನಾನು ಚಾಪಿ ಮ್ಯಾಲ ಅರೆನಿದ್ದಿಯಾಗ ಬಿದ್ಕೊಂಡು ಕೇಳ್ತಿದ್ದೆ. ಎಷ್ಟೋ ಸಲ ನಾನು ಎಚ್ಚರ ಅದೀನೋ ಇಲ್ಲೋ ನನಗ ತಿಳೀತಿರಲಿಲ್ಲ. ಹಂಗ ಬಿದ್ಕೊಂಡಿದ್ದಾಗ ಒಂದು ದಿನ ಹೊಳೀತು, ನನ್ನ ಆಲ್ಬಂ ಇಲ್ಲೇ ಐತಿ ಅಂತ.

ಅವ್ವನ್ನ ಕೇಳಲಿಲ್ಲ. ಕೇಳಿದ್ರ ನಾಚ್ಕೊಂಡು ಬ್ಯಾಡ ಅಂತಾಳ ಅನ್ನೋದು ಗೊತ್ತಿತ್ತು. ಕುರುಗೋಡಿನಾಗ ಮದುವಿ ವಿಡಿಯೋಕ್ಕ ಹಾಡು ಕೂಡಿಸೋ ಗೆಳೆಯ ಒಬ್ಬ ಇದ್ದ. ಅವನ ಹತ್ರ ಸಣ್ಣ ರೆಕಾರ್ಡರ್ ಇಸ್ಕೊಂಡು ಬಂದು ಬಟ್ಟಿ ಗಂಟಿನ ಹಿಂದ ಇಟ್ಟೆ. ಎಷ್ಟೋ ಮಧ್ಯಾಹ್ನ ಹಿಂಗ ಕದ್ದೆ. ಕದ್ದೆ ಅಂತಾನ ಅಂತೀನಿ, ಬ್ಯಾರೆ ಮಾತು ಯಾಕ?

ಗೆಳೆಯನ ಮನಿ ಗುಡ್ಡದ ಮಗ್ಗಲಿಗಿತ್ತು, ಲಾರಿ ಸದ್ದು ಅಲ್ಲಿಗೆ ಮುಟ್ತಿರಲಿಲ್ಲ. ದನಿ ಮಾರ್ದನಿಸದಂಗ ಗ್ವಾಡಿಗೆಲ್ಲ ಕೌದಿ ಇಳಿಬಿಟ್ಟು, ಅವ್ವನ ಗುನುಗಿನ ಮ್ಯಾಲ ನನ್ನ ದನಿ ಒಂದರ ಮ್ಯಾಲೊಂದು ಕೂಡಿಸಿದ್ವಿ. ತಾಳಕ್ಕ ಅವ್ವನ ಮಷೀನಿನ ಸದ್ದ ಸಾಕಾಯ್ತು.

"ಅಲ್ಲವ್ವಾ ತಾಯಿ, ಇದರಾಗ ಪಲ್ಲವಿ ಎಲ್ಲೈತಿ?" ಅಂದ ಗೆಳೆಯ.

"ನಿದ್ದಿಗೆ ಪಲ್ಲವಿ ಇರ್ತೈತೇನಲೇ?" ಅಂದೆ.

ಸಿಡಿ ಬಂತು. ಆರ್ಕೆಸ್ಟ್ರಾದವರು ಅರ್ಧ ತಾಸು ಕೇಳಿ, "ಅಕ್ಕಾ, ಹಾಡು ಯಾವಾಗ ಶುರು ಆಗ್ತೈತಿ?" ಅಂದ್ರು. ಅಂಗಡಿಯವನು "ಡಿಸ್ಕ್ ಖರಾಬ್ ಐತ್ರಿ, ಬರೇ ಗುಂಯ್ ಅಂತೈತಿ" ಅಂತ ಎಲ್ಲಾನೂ ವಾಪಸ್ ಕೊಟ್ಟ. ಮೈಯೆಲ್ಲ ಉರೀತು ನನಗ. ಆದ್ರ ಗೆಳೆಯ ಅಂಚೆಯಾಗ ಅಲ್ಲಿಲ್ಲಿ ಕಳಿಸಿದ್ದ ಸಿಡಿ ಕೇಳಿ ಕಾಣದ ಊರುಗಳಿಂದ ಪತ್ರ ಬರಾಕ ಹತ್ತಿದ್ವು. ಒಂದು ಪತ್ರಿಕೆಯವರು ಹೊಗಳಿ ಬರೆದ್ರು. ಹಿಂದ ಕೇಳಿಸೋ ಆ ಗುನುಗು ಯಾರದು ಅಂತಾನ ಎಲ್ಲಾರ ಪ್ರಶ್ನೆ. ನಾನು ಉಬ್ಬಿ ಹೋದೆ.

ಆ ಉಬ್ಬಿನಾಗ ಅವ್ವನ್ನ ಸಿರುಗುಪ್ಪಕ್ಕ, ದೊಡ್ಡವ್ವನ ಮನಿಗೆ ಕರ್ಕೊಂಡು ಹೋದೆ. ಭತ್ತದ ಗದ್ದಿ ಕಾಣೋ ಪಡಸಾಲಿಯಾಗ ಎಲ್ಲರನ್ನೂ ಕುಂದ್ರಿಸಿ ಸಿಡಿ ಹಚ್ಚಿದೆ. ಎರಡು ನಿಮಿಷ ಆಗಿರಲಿಲ್ಲ, ದೊಡ್ಡವ್ವ ಎದಿ ಮ್ಯಾಲ ಕೈ ಇಟ್ಕೊಂಡು, "ಅಯ್ಯ ತಂಗಿ, ಇದು ನಿಂದ ದನಿ ಅಲ್ಲೇನ!" ಅಂತ ಅವ್ವನ ಕಡಿ ತಿರುಗಿದ್ಲು. ಎಲ್ಲರೂ ನಕ್ರು, ಪ್ರೀತಿಯಿಂದಾನ ನಕ್ರು. ಅವ್ವ ಸೆರಗಿನಿಂದ ಬಾಯಿ ಮುಚ್ಕೊಂಡ್ಲು. ಸಿಟ್ಟು ಮಾಡಲಿಲ್ಲ. "ನಾನು ಹಿಂಗ ಅಂತಿರ್ತೀನೇನು? ನನಗ ಗೊತ್ತ ಇಲ್ಲಲ್ಲ" ಅಂದ್ಲು, ಅಷ್ಟ.

ಮರುದಿನದಿಂದ ಮನಿಯಾಗ ಬರೇ ಮಷೀನಿನ ಸದ್ದು. ದಣಿದಿರಬೇಕು ಅನ್ಕೊಂಡೆ. ವಾರ ಆಯ್ತು, ತಿಂಗಳಾಯ್ತು. "ಗುನುಗಬೇ ಯವ್ವಾ, ಒಮ್ಮೆ" ಅಂತ ಬೇಡ್ಕೊಂಡೆ.

"ಬರವಲ್ದು ಮಗಳ. ಬಾಯಿಗೆ ಬರೋಕ್ಕಿಂತ ಮೊದಲ ನನಗ ಕೇಳಿಸಿಬಿಡ್ತೈತಿ, ಆಮ್ಯಾಲ ಹೊಂಟು ಹೋಗ್ತೈತಿ" ಅಂದ್ಲು. ನಾನು ಹಿತ್ತಲಕ್ಕ ಹೋಗಿ ಬಿಕ್ಕಿ ಬಿಕ್ಕಿ ಅತ್ತೆ. ಇಂಥಾ ಕೆಲಸ ಮಾಡಿಬಿಟ್ಟೆನಲ್ಲ ಅಂತ ನನ್ನ ಮ್ಯಾಲ ನನಗ ಹೇಸಿಗಿ ಬಂತು.

ಮುಂದಿನ ವರ್ಷ ಪತ್ರ ಬರೆದವರಿಂದ ಇನ್ನೊಂದು ಆಲ್ಬಂ ಮಾಡ್ರಿ ಅಂತ ಒತ್ತಾಯ ಬಂತು. ನಾನು ಒಲ್ಲೆ ಅಂದೆ. ಅವ್ವಗ ನನ್ನ ಸಂಕಟ ತಿಳೀತು ಕಾಣ್ತೈತಿ. "ನಾನ ಬರ್ತೀನಿ, ನಡಿ" ಅಂತ ಇಳಕಲ್ ಸೀರಿ ಉಟ್ಟು, ತಲಿ ಬಾಚ್ಕೊಂಡು ಕುರುಗೋಡಿನ ಬಸ್ಸು ಹತ್ತಿದ್ಲು. ಮೈಕಿನ ಮುಂದ ಸಾಲಿ ಹುಡುಗಿಯಂಗ ನೆಟ್ಟಗ ಕುಂತು, ಕಣ್ಣು ಮುಚ್ಚಿ, ಗುನುಗಿದ್ಲು. ಸುರ ತಪ್ಪಲಿಲ್ಲ. ಜೇಬಿನ ಮೂಲಿಗೆ ನಿಲ್ತಿದ್ದಂಗ ಎಲ್ಲೂ ನಿಲ್ಲಲಿಲ್ಲ. ಯಾರ ಬೇಕಾದ್ರೂ ಹಾಡಬಹುದಾದ ಒಂದು ಚಂದದ ಹಾಡು ಅದು. ಗೆಳೆಯ ನನ್ನ ಮುಖ ನೋಡಿ ತಲಿ ತಗ್ಗಿಸಿದ.

ಅವ್ವ ಕಣ್ಣು ತೆರೆದ್ಲು. "ಅದ ಬಂತಾ, ಮಗಳ?"

"ಅದ ಬಂತವ್ವ" ಅಂದೆ.