ಓದ್ರಿ, ಅರ್ಥ ಹೇಳಬ್ಯಾಡ್ರಿ

ಅವರ ಕನ್ನಡಕದ ಗಾಜಿನ ಮೇಲೆ ಸದಾ ಒಂದು ಚೂರು ವಿಭೂತಿ ಉದುರಿರುತ್ತಿತ್ತು. ಹಣೆಯ ಮೂರು ಗೆರೆಗಳನ್ನು ಅಡಿಕೋಲಿಟ್ಟು ಎಳೆದಂತೆ ಎಳೆದುಕೊಳ್ಳುವ ಮನುಷ್ಯ, ಕನ್ನಡಕ ಒರೆಸುವುದನ್ನು ಮಾತ್ರ ಮರೆಯುತ್ತಿದ್ದರು. ಆ ದಿನ ಬೆಳಿಗ್ಗೆಯೂ ಹಾಗೆಯೇ. ಮಗಳನ್ನು ಕಟ್ಟಡದಡಿಯ ಅಂಗಳದಂಥ ವಾಯ್ಡ್ ಡೆಕ್‌ನಲ್ಲಿ ಸ್ಕೂಲ್ ಬಸ್ಸು ಹತ್ತಿಸಿ, ನಮ್ಮ ಮನೆಯವರನ್ನು ಆಂಗ್ ಮೋ ಕಿಯೋದ ಆಫೀಸಿಗೆ ಕಳಿಸಿ, ಉಪ್ಪಿಟ್ಟಿನ ಡಬ್ಬಿ ಹಿಡಿದು ಎಂಟು ಗಂಟೆಗೆ ನಾನು ಅಂಕಲ್ ಮನೆಗೆ ಹೋದೆ. ಬುಕಿತ್ ಪಂಜಾಂಗ್‌ನ ನಮ್ಮ ಬ್ಲಾಕಿನ ಒಂಬತ್ತನೇ ಮಹಡಿಯಲ್ಲಿ ಅವರದು ನಮ್ಮಿಂದ ಮೂರು ಬಾಗಿಲು ಆಚೆ. ಮಂಡಿಯ ಆಪರೇಷನ್ ಆಗಿ ಹದಿನೈದು ದಿನವಾಗಿತ್ತು. ಅಂದಿನಿಂದ ಅವರ ಬೆಳಗಿನ ತಿಂಡಿ ನನ್ನ ಪಾಲಿನದು.

ಪ್ರತಿದಿನ ಡಬ್ಬಿಯ ಮುಚ್ಚಳ ತೆರೆದು, ಮೂಸಿ, “ಇವತ್ತು ನಿಂಬಿಹಣ್ಣು ಕಂಜೂಸ್ ಮಾಡೀರಿ” ಎಂದು ಛೇಡಿಸುವವರು ಅಂದು ತಲೆಯೆತ್ತಲಿಲ್ಲ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಕೆನೆಗಟ್ಟಿದ ಕಾಫಿ.

ಅವರ ಕೆಲಸದಲ್ಲಿ ನನಗೆ ಅರ್ಥವಾಗಿದ್ದು ಇಷ್ಟು. ಈ ದ್ವೀಪದ ಗೋದಾಮುಗಳಲ್ಲಿ, ಸಣ್ಣ ಕಾರ್ಖಾನೆಗಳಲ್ಲಿ ಒಂದೊಂದು ಸರ್ವರ್ ಇರುತ್ತದೆ. ಒಂದರ ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ಐದಾರು ಕಂಪ್ಯೂಟರುಗಳು, ಒಂದೇ ಮನೆಯಲ್ಲಿ ಬಾಡಿಗೆಗಿದ್ದ ಹಾಗೆ. ದೊಡ್ಡ ಕಂಪನಿಗಳಲ್ಲಾದರೆ ಒಂದು ಸರ್ವರ್ ಮಲಗಿದಾಗ ಒಳಗಿನವು ಪಕ್ಕದ್ದಕ್ಕೆ ಶಿಫ್ಟ್ ಆಗುತ್ತವೆ. ಅಂಕಲ್ ನೋಡಿಕೊಳ್ಳುತ್ತಿದ್ದವು ಒಂಟಿಗಳು. ಅವಕ್ಕೆ ಪಕ್ಕದ ಮನೆಯಿಲ್ಲ. ತಿಂಗಳಿಗೊಮ್ಮೆ ಪ್ಯಾಚ್, ಅಂದರೆ ಸಾಫ್ಟ್‌ವೇರಿನ ತೇಪೆ, ಹಾಕಬೇಕೆಂದರೆ ಒಳಗಿನವರನ್ನೆಲ್ಲ ಮಲಗಿಸಿ, ಸರ್ವರನ್ನು ರಿಪೇರಿ ಸ್ಥಿತಿಗೆ ತಂದು, ಹೊಸದನ್ನು ಹಾಕಿ, ಮತ್ತೆ ಎಲ್ಲರನ್ನೂ ಎಬ್ಬಿಸಬೇಕು. “ಲಾಳ ಬಡಿಬೇಕಂದ್ರ ಎತ್ತು ಕೆಡವಬೇಕ್ರಿ” ಎನ್ನುತ್ತಿದ್ದರು. ಇದನ್ನೆಲ್ಲ ಅವರು ಮಾಡುತ್ತಿದ್ದುದು ಮನೆಯ ಆ ಮೇಜಿನಿಂದಲೇ. ಮದುವೆ ಯಾಕೆ ಆಗಲಿಲ್ಲ ಅಂಕಲ್ ಎಂದು ನಾನೊಮ್ಮೆ ಕೇಳಿದ್ದೆ. “ಸರ್ವರ್ ಅತ್ತಾಗೊಮ್ಮೆ ಎದ್ದು ಕೂಡೋನ ಜೋಡಿ ಯಾರು ಇರ್ತಾರ್ರೀ?” ಎಂದು ನಕ್ಕಿದ್ದರು.

“ಏನಾಯ್ತು ಅಂಕಲ್?”

“ತಂಗೀ, ಮನಿ ಕೀಲಿ ಒಳಗ ಇಟ್ಟು ಬಾಗಲಾ ಎಳಕೊಂಡೇನಿ.”

ಬಾಗಲಕೋಟೆಯ ಅವರ ಕನ್ನಡ, ಗಾಬರಿಯಾದರೆ ಇನ್ನಷ್ಟು ಗಟ್ಟಿಯಾಗುತ್ತಿತ್ತು. ನಾನು ಪೆದ್ದಿಯಂತೆ ಅವರ ಬಾಗಿಲನ್ನು ನೋಡಿದೆ. ಅವರು ತೋರಿಸಿದ್ದು ಲ್ಯಾಪ್‌ಟಾಪನ್ನು.

ಕಾಕಿ ಬುಕಿತ್‌ನ ಒಂದು ಗೋದಾಮಿನ ಸರ್ವರ್ ಅದು. ದೂರದಿಂದ ಅದರೊಳಗೆ ಹೋಗಲು ಒಂದು ಗೇಟು ಬೇಕು. ಆ ಗೇಟೂ ಒಂದು ಕಂಪ್ಯೂಟರೇ. ಮೊದಲು ಹೊರಗೆ ಬೇರೆ ಪೆಟ್ಟಿಗೆಯಲ್ಲಿತ್ತು. ಅದು ಸುಟ್ಟುಹೋದಾಗ ಅಂಕಲ್ ತಾತ್ಕಾಲಿಕವಾಗಿ ಅದನ್ನು ಇದೇ ಸರ್ವರಿನ ಹೊಟ್ಟೆಯೊಳಗೆ ಇಟ್ಟಿದ್ದರು. ಆಸ್ಪತ್ರೆಯ ಗಡಿಬಿಡಿಯಲ್ಲಿ ಅದು ಮರೆತೇಹೋಗಿತ್ತು. ಆ ಬೆಳಿಗ್ಗೆ ಆರಕ್ಕೆ, ಆಜ್ಞೆಗಳು ಒಂದರ ಹಿಂದೊಂದು ತಾವೇ ನಡೆಯುವಂತೆ ಜೋಡಿಸಿ, ಎಲ್ಲರನ್ನೂ ಮಲಗಿಸಿದ್ದರು. ಗೇಟೂ ಮಲಗಿತು. ಪ್ಯಾಚ್ ಬಹುಶಃ ಸರಿಯಾಗಿಯೇ ಕೂತಿತ್ತು. ಆದರೆ ‘ರಿಪೇರಿ ಮುಗಿಯಿತು, ಏಳು’ ಎಂದು ಹೇಳಲು ಒಳಗೆ ಹೋಗುವ ದಾರಿ ಉಳಿದಿರಲಿಲ್ಲ.

ಆ ಗೋದಾಮಿನಿಂದ ಹೋಗುತ್ತಿದ್ದದ್ದು ಮನೆಯಲ್ಲೇ ಹಾಸಿಗೆ ಹಿಡಿದವರಿಗೆ ಮೂಗಿನ ನಳಿಕೆಯಲ್ಲಿ ಕೊಡುವ ಹಾಲಿನಂಥ ಆಹಾರ. ಯಾರ ಮನೆಗೆ, ಯಾವ ಬಗೆಯದು, ಎಷ್ಟು ಡಬ್ಬಿ, ಎಲ್ಲವೂ ಆ ಸರ್ವರಿನೊಳಗೆ. ಲಾರಿ ಹೊರಡಬೇಕಾದದ್ದು ಹನ್ನೊಂದಕ್ಕೆ.

“ಅಲ್ಲಿ ಯಾರೂ ಇಲ್ವಾ?”

“ಸೂಪರ್‌ವೈಸರ್ ಅದಾನ್ರಿ. ‘ಸ್ಕ್ರೀನ್ ಮ್ಯಾಲ ಏನೈತಿ’ ಅಂದ್ರ ‘ಸಮ್ ಎರರ್ ಲಾ ಅಂಕಲ್’ ಅಂತಾನ. ನನಗ ಓದೋರು ಬೇಕು. ನಿಮ್ಮಂಗ ಓದೋರು.”

ಅದಕ್ಕೊಂದು ಹಿನ್ನೆಲೆಯಿತ್ತು. ಆಸ್ಪತ್ರೆಯಿಂದ ಬಂದ ದಿನ ಅವರ ಔಷಧಿ ಚೀಟಿಯನ್ನು ನಾನೇ ಓದಿ ಹೇಳಿದ್ದೆ, ಮೈಸೂರಿನ ಕಾನ್ವೆಂಟಿನಲ್ಲಿ ಕಲಿತ ಹಾಗೆ, ಕಾಮಾ ಬಂದಲ್ಲಿ ನಿಂತು, ಫುಲ್‌ಸ್ಟಾಪ್ ಬಂದಲ್ಲಿ ಉಸಿರೆಳೆದು. ನಮ್ಮ ಸಿಸ್ಟರ್ ಒಂದು ಅಕ್ಷರ ನುಂಗಿದರೂ ಮೊದಲಿನಿಂದ ಓದಿಸುತ್ತಿದ್ದರು. ಅಂಕಲ್ ಕಣ್ಣು ಮುಚ್ಚಿ ಪೂರ್ತಿ ಕೇಳಿ, “ಛಲೋ ಓದ್ತೀರಿ” ಎಂದಿದ್ದರು. ಮದುವೆಯಾದ ಹನ್ನೆರಡು ವರ್ಷಗಳಲ್ಲಿ ಅಡುಗೆಯ ಹೊರತು ಬೇರೊಂದಕ್ಕೆ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು.

“ನನಗೆ ಏನೂ ಗೊತ್ತಿಲ್ಲ ಅಂಕಲ್.”

“ಗೊತ್ತಿಲ್ಲದವ್ರೇ ಬೇಕ್ರಿ. ಗೊತ್ತಿದ್ದವ್ರು ಅರ್ಥ ಹೇಳ್ತಾರ.”

ನೀಲಿ ಗೆರೆಯ ಎಂಆರ್‌ಟಿ ರೈಲು ನಮ್ಮಲ್ಲಿಂದ ನೇರ ಕಾಕಿ ಬುಕಿತ್‌ಗೆ ಹೋಗುತ್ತದೆ, ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ, ಒಂದು ಗಂಟೆಯ ದಾರಿ. ಎದುರಿಗೆ ಕೂತ ಒಬ್ಬ ಅಜ್ಜಿಯ ಚೀಲದಲ್ಲಿ ಈರುಳ್ಳಿ ಹೂವಿನ ಕಟ್ಟು ಇಣುಕುತ್ತಿತ್ತು. ಅವಳ ಮನೆಯಲ್ಲೂ ಯಾರಾದರೂ ಲಾರಿಗೆ ಕಾಯುತ್ತಿರಬಹುದೇ ಎಂದು ನನಗೆ ಸುಮ್ಮಸುಮ್ಮನೆ ಅನ್ನಿಸಿತು.

ಗೋದಾಮು ತಲುಪಿದಾಗ ಒಂಬತ್ತೂವರೆ. ಡಬ್ಬಿಗಳ ಅಟ್ಟಿಗಳ ಹಿಂದೆ, ಪೊರಕೆ ಇಡುವ ಕೋಣೆಯಷ್ಟು ಚಿಕ್ಕ ಜಾಗದಲ್ಲಿ ಆ ಸರ್ವರ್ ಗುಂಯ್‌ಗುಡುತ್ತಿತ್ತು. ಸೂಪರ್‌ವೈಸರ್ ನನ್ನ ಕೈಚೀಲವನ್ನೂ ಚಪ್ಪಲಿಯನ್ನೂ ನೋಡಿ, “ಯೂ ದಿ ಇಂಜಿನಿಯರ್ ಆಹ್?” ಎಂದ. “ನೋ, ಐ ಆಮ್ ದಿ ನೇಬರ್” ಎಂದೆ.

ಫೋನನ್ನು ಕಿವಿಗಿಟ್ಟುಕೊಂಡೆ. ಪರದೆ ಮೇಲರ್ಧ ಬೂದು, ಕೆಳಗರ್ಧ ಹಳದಿ.

“ಇದು ಏನೋ ಕಾಯ್ತಿರೋ ಹಾಗಿದೆ ಅಂಕಲ್...”

“ಓದ್ರಿ, ಅರ್ಥ ಹೇಳಬ್ಯಾಡ್ರಿ.”

ಓದಿದೆ. ಮೇಲಿನಿಂದ ಕೆಳಗಿನವರೆಗೆ, ಚುಕ್ಕೆ, ಅಡ್ಡಗೆರೆ, ಒಂದನ್ನೂ ಬಿಡದೆ. ಅವರು ಹೇಳಿದ ಕೀಲಿಗಳನ್ನು ಒತ್ತಿದೆ, ಪರದೆ ಕಪ್ಪಾಯಿತು. ಅವರು ಒಂದೊಂದೇ ಅಕ್ಷರ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಎಂಟರ್ ಒತ್ತುವ ಮುಂಚೆ ಪ್ರತಿ ಸಲವೂ ತಿರುಗಿ ಓದಿ ಒಪ್ಪಿಸಬೇಕು. ಎರಡನೆಯ ಸಾಲಿನಲ್ಲಿ ಒಂದು ಜಾಗ ಬಿಡುವುದನ್ನು ಮರೆತಿದ್ದೆ. ಓದುವ ಓಟದಲ್ಲೇ ಅವರಿಗೆ ಅದು ಕೇಳಿಸಿತು! ಸರ್ವರ್ ರಿಪೇರಿ ಸ್ಥಿತಿಯಿಂದ ಹೊರಬಂತು. ಇನ್ನು ಗೇಟನ್ನು ಎಬ್ಬಿಸಬೇಕು.

“ಒಳಗಿನವ್ರ ಪಟ್ಟಿ ಬಂದೈತೇನು? ಮೂರನೇದ್ದು ಗೇಟು. ಹಾಂ, ಮೂರಂತ ಬರೀರಿ.”

ಮೂರು ಎಂದು ಬರೆದೆ. ತಿರುಗಿ ಓದುವಾಗ ಕಣ್ಣು ಮೇಲಿನ ಪಟ್ಟಿಗೆ ಹೋಯಿತು.

“ಅಂಕಲ್, ಮೂರರ ಎದುರಿಗೆ ‘ಆರ್ಡರ್’, ಅಡ್ಡಗೆರೆ, ‘ಓಲ್ಡ್’ ಅಂತಿದೆ. ‘ಗೇಟ್’ ಏಳರ ಎದುರಿಗಿದೆ.”

ಸೂಪರ್‌ವೈಸರ್ ಗಡಿಯಾರ ನೋಡಿದ: ಹತ್ತು ಗಂಟೆ ಹತ್ತು ನಿಮಿಷ.

“ಮತ್ತೊಮ್ಮೆ ಓದ್ರಿ.”

ಓದಿದೆ.

“ತಂಗೀ,” ಎಂದರು, ದನಿ ಸಣ್ಣದಾಗಿ. “ಅದು ಆರ್ಡರಿನ ಹಳೇ ಕಾಪಿ. ಅದು ಎದ್ದಿದ್ರ ಹೋದ ತಿಂಗಳ ಪಟ್ಟಿ ಲಾರಿ ಹತ್ತತಿತ್ತು. ಯಾರ ಊಟ ಯಾರ ಮೂಗಿಗೋ. ಅಳಿಸ್ರಿ. ಏಳು ಬರೀರಿ.”

ಏಳು ಬರೆದೆ. ತಿರುಗಿ ಓದಿ ಒಪ್ಪಿಸಿ, ಎಂಟರ್ ಒತ್ತಿದೆ. ಗೇಟು ಏಳಲು ಎರಡು ನಿಮಿಷ ಹಿಡಿಯಿತು. ಆಮೇಲೆ, “ಬಂದೆ! ಒಳಗ ಬಂದೆ!” ಎಂದು ಎಷ್ಟು ಜೋರಾಗಿ ಕೂಗಿದರೆಂದರೆ ಸೂಪರ್‌ವೈಸರನಿಗೂ ಕೇಳಿಸಿತು. ಕನ್ನಡ ಬಾರದ ಆತ ನನಗಿಂತ ಮೊದಲು ಚಪ್ಪಾಳೆ ತಟ್ಟಿದ.

ಲಾರಿ ಹೊರಡುವ ಹೊತ್ತಿಗೆ ಮ್ಯಾನೇಜರ್ ಬಂದರು. ಸ್ಪೀಕರ್‌ನಲ್ಲಿ ಅಂಕಲ್. “ಬ್ಯಾಡ್ ಪ್ಯಾಚ್ ಇಸ್ ಇಟ್, ಅಂಕಲ್?” ಎಂದು ಮ್ಯಾನೇಜರ್ ತಾವೇ ಒಂದು ನೆಪ ಎತ್ತಿಕೊಟ್ಟರು. ಹೌದೆಂದಿದ್ದರೆ ಮುಗಿದುಹೋಗುತ್ತಿತ್ತು, ಪ್ಯಾಚಿಗೆ ಬಾಯಿಲ್ಲ.

“ನೋ. ಪ್ಯಾಚ್ ಈಸ್ ಗುಡ್. ಮೈ ಮಿಸ್ಟೇಕ್. ಐ ಕೆಪ್ಟ್ ದಿ ಗೇಟ್ ಇನ್‌ಸೈಡ್.” ಒಂದು ಕ್ಷಣ ಬಿಟ್ಟು ಮತ್ತೆ ಹೇಳಿದರು: “ಸೆಕೆಂಡ್ ಮಿಸ್ಟೇಕ್ ಆಲ್ಸೋ ಐ ವಾಸ್ ಅಬೌಟ್ ಟು ಡೂ. ದಿಸ್ ಲೇಡಿ ಸ್ಟಾಪ್ಡ್ ಮೀ.”

ಮರಳುವ ರೈಲಿನಲ್ಲಿ ನಾನು ಕಿಟಕಿಯ ಕತ್ತಲೆಗೆ ಮುಖ ಮಾಡಿ ಕೂತಿದ್ದೆ. ಕಣ್ಣೊರೆಸಿಕೊಳ್ಳುವುದು ಯಾರಿಗೂ ಕಾಣಬಾರದೆಂದು.

ಅದಾದ ಮೇಲೆ ಅವರು ಇನ್ನೂ ಎರಡು ಕಡೆ ನನ್ನನ್ನು ಕಳಿಸಿದರು. ಹಬ್ಬದ ಊಟಕ್ಕೆ ಕನ್ನಡದವರೆಲ್ಲ ಸೇರಿದಾಗ, “ಇವ್ರು ನನ್ನ ಕೈ” ಎಂದು ಪರಿಚಯ ಮಾಡಿಸಿದರು. ಆದರೆ ನಾನು ಅವರಿಂದ ಪಡೆದದ್ದು ಆ ಕೆಲಸವಲ್ಲ. ನಮ್ಮ ಮನೆಯವರ ಒಂದು ಸಾಲಿನ ಒರಟು ಮೆಸೇಜು ಬಂದಾಗ, ಮಗಳ ಟೀಚರ್ ಚೀಟಿ ಕಳಿಸಿದಾಗ, ಮೊದಲೆಲ್ಲ ಅರ್ಥಗಳನ್ನು ಕಟ್ಟಿಕೊಂಡು ದಿನವಿಡೀ ಕೊರಗುತ್ತಿದ್ದೆ. ಈಗ ಇನ್ನೊಮ್ಮೆ ಓದುತ್ತೇನೆ. ಎಷ್ಟೋ ಸಲ ಅಲ್ಲಿ ಬರೆದದ್ದು ಅಷ್ಟೇ ಆಗಿರುತ್ತದೆ. ಮಗಳೆದುರು “ತಪ್ಪು ನಂದೇ ಕಣೇ” ಎನ್ನುವುದಕ್ಕೂ ನಾಚಿಕೆಯಾಗುವುದಿಲ್ಲ.

ಮುಂದಿನ ವರ್ಷ ಒಂದು ಮಧ್ಯಾಹ್ನ ಅವರು ಅಡುಗೆಮನೆಯಲ್ಲಿ ಕುಸಿದರು. ನಾನು ಬಾಗಿಲು ಬಡಿದೆ, ಒಳಗಿಂದ ನರಳುವ ಸದ್ದು. ಬಾಗಿಲು ಒಡೆಯಬೇಕಾಗಲಿಲ್ಲ, ಅವರ ಪಕ್ಕದ ಮನೆಯ ಚೀನೀ ಆಂಟಿ ಕೀಲಿ ತಂದು ತೆರೆದರು. ಆಸ್ಪತ್ರೆಯಲ್ಲಿ ಅವರು ಒಂಬತ್ತು ದಿನ ಇದ್ದರು. ಬಾಗಲಕೋಟೆಯಿಂದ ಅವರ ಅಕ್ಕ ಬಂದು ಕೈ ಹಿಡಿದು ಕೂತಿದ್ದರು. ಕೊನೆಯ ದಿನಗಳಲ್ಲಿ ಮಾತು ನಿಂತಿತ್ತು, ಕಿವಿ ನಿಂತಿರಲಿಲ್ಲ. ನಾನು ಅವರ ತಲೆದಿಂಬಿನ ಪಕ್ಕ ಕೂತು ಊರಿನವರ ಕಾಗದಗಳನ್ನು ಓದಿದೆ, ಕಾಮಾ ಬಂದಲ್ಲಿ ನಿಂತು. ಕನ್ನಡಕವನ್ನು ನಾನೇ ಒರೆಸಿಟ್ಟಿದ್ದೆ. ಅದು ಅಷ್ಟು ನಿರ್ಮಲವಾಗಿದ್ದದ್ದು ನೋಡಿಯೇ ನನಗೆ ದುಃಖ ಉಕ್ಕಿತು.

ಆದರೆ ಅವರನ್ನು ನೆನೆದರೆ ಆಸ್ಪತ್ರೆ ನೆನಪಾಗುವುದಿಲ್ಲ, ಕಾಕಿ ಬುಕಿತ್‌ನ ಆ ದಿನದ ಸಂಜೆ ನೆನಪಾಗುತ್ತದೆ. ಅಂಕಲ್ ಮನೆಗೆ ಸಾರು ಕೊಟ್ಟು ಬರುತ್ತಿದ್ದೆ. ಪಕ್ಕದ ಆಂಟಿ ಕಾರಿಡಾರಿನಲ್ಲಿ ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತ, ಮುಖ ಎತ್ತದೆ ತಮ್ಮ ಇಂಗ್ಲಿಷಿನಲ್ಲಿ ಹೇಳಿದರು:

“ಯುವರ್ ಅಂಕಲ್ ವೆರಿ ಫನ್ನಿ ಲಾ. ಫಿಫ್ಟೀನ್ ಇಯರ್ಸ್ ನೆಕ್ಸ್ಟ್ ಡೋರ್, ನೆವರ್ ಗಿವ್ ಕೀ. ಟುಡೇ,” ಎಂದು ವಾಕರ್ ಹಿಡಿದವರಂತೆ ಎರಡು ಮುಷ್ಟಿ ಮುಂದೆ ಮಾಡಿ ತೋರಿಸಿದರು, “ಕಮ್ ಆಂಡ್ ಗಿವ್ ಮೀ. ಸೇ ಕೀ ಮಸ್ಟ್ ಸ್ಟೇ ಔಟ್‌ಸೈಡ್. ಐ ಪುಟ್ ಇನ್ ದಿ ಬಿಸ್ಕೆಟ್ ಟಿನ್, ಓಕೆ? ಯೂ ಆಲ್ಸೋ ರಿಮೆಂಬರ್.”