ಖಾನಾವಳಿ ಅವ್ವ

ಮೊನ್ನೆ ಯಲಬುರ್ಗಾದ ಬಸ್ಸಿನಲ್ಲಿ ಪಕ್ಕದ ಸೀಟಿನಾಕೆ ಬುತ್ತಿ ಬಿಚ್ಚಿದಳು. ರೊಟ್ಟಿಗೆ ಹಚ್ಚಿದ ಗುರೆಳ್ಳು ಹಿಂಡಿಯ ವಾಸನೆ ಬಂತು. ಖಾನಾವಳಿ ಅವ್ವ ನೆನಪಾದಳು…

ನಿಜಾಮರ ಕಾಲ ಅದು. ನಾನು ಕೊಪ್ಪಳದ ಸಾಲಿಗೆ ಹೊಸದಾಗಿ ಬಂದ ಮಾಸ್ತರ. ಎರಡೂ ಹೊತ್ತಿನ ಊಟ ಸ್ಟೇಷನ್ ದಾರಿಯಲ್ಲಿದ್ದ ಆಕೆಯ ಖಾನಾವಳಿಯಲ್ಲಿ. ಗಂಡ ತೀರಿದ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ಪಲ್ಯ ಇಳಿಸುವ ಮುಂಚೆ ಅಂಗೈಗೆ ಒಂದಿಷ್ಟು ಹಾಕಿಕೊಂಡು ರುಚಿ ನೋಡುವಳು. ಆ ನಾಲಿಗೆ ಎಂದೂ ತಪ್ಪಿದ್ದಿಲ್ಲ.

ಒಂದು ಮಧ್ಯಾಹ್ನ ತಡವಾಗಿ ಹೋದೆ. ಅವ್ವ ಒಲೆಯ ಹಿಂದೆ ಕೂತು ರೊಟ್ಟಿಯನ್ನು ಮಜ್ಜಿಗೆಯಲ್ಲಿ ಕಿವುಚಿ, ಗುಟುಕು ಗುಟುಕಾಗಿ ನುಂಗುತ್ತ, ಎದೆ ಒತ್ತಿಕೊಳ್ಳುತ್ತಿದ್ದಳು.

"ಎಷ್ಟ ದಿನದಿಂದ ಹಿಂಗ, ಅವ್ವಾರ?"

"ದೀಪಾವಳಿಯಿಂದ. ತುತ್ತು ಇಲ್ಲೇ ನಿಂತಬಿಡತೈತ್ರಿ," ಎಂದು ಎದೆಯ ನಡುವೆ ಬೆರಳಿಟ್ಟಳು.

ದಿನಾ ಆಕೆಯ ಕೈಯಲ್ಲಿ ಉಂಡವನು ನಾನು. ಆಕೆ ಉಂಡಳೋ ಇಲ್ಲವೋ ಎಂದು ಒಮ್ಮೆಯೂ ಕೇಳಿರಲಿಲ್ಲ.

ಊರಿನ ಡಾಕ್ಟರರು ಹದಿನೈದು ದಿನ ಔಷಧಿ ಕೊಟ್ಟು ನೋಡಿ, "ಇದು ಬರೇ ಪಿತ್ತ ಅಲ್ಲ, ದೊಡ್ಡ ದವಾಖಾನಿಗೆ ಕರಕೊಂಡ ಹೋಗ್ರಿ," ಎಂದರು. ರಜೆ ಹಾಕಿ ರೈಲಿನಲ್ಲಿ ನಾನೇ ಕರೆದೊಯ್ದೆ. ಅಲ್ಲಿ ಸುಣ್ಣದ ನೀರಿನಂಥ ಬೆಳ್ಳನೆಯ ಮದ್ದು ಕುಡಿಸಿ ಎಕ್ಸರೇ ತೆಗೆದರು. ಗಂಟಲೊಳಗೆ ನಳಿಕೆ ಇಳಿಸಿ ಗಡ್ಡೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅನ್ನನಾಳದ ಕ್ಯಾನ್ಸರು. ಅದರಲ್ಲೂ ಅಪರೂಪದ ಜಾತಿ, ತಾವು ಕಂಡದ್ದು ಇದೇ ಮೊದಲು ಎಂದರು ಅಲ್ಲಿನ ಡಾಕ್ಟರರು. ಕೊಯ್ದು ತೆಗೆಯಲು ಬರುವಂತಿರಲಿಲ್ಲ. ಹಸಿವಿನಿಂದ ಸಾಯದಂತೆ ಹೊಟ್ಟೆಗೆ ತೂತು ಮಾಡಿ ರಬ್ಬರಿನ ನಳಿಕೆ ಇಡಬಹುದು, ಅದರೊಳಗೆ ಗಂಜಿ ಹೊಯ್ಯಬಹುದು, ಅಷ್ಟೇ.

ಅವ್ವ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು. "ನಾಲಿಗಿ ರುಚಿ ಉಳೀತೈತೇನ್ರಿ?"

ಉಳಿಯುತ್ತದೆ ಎಂದರು.

"ಹಂಗಾರ ಇಡ್ರಿ."

ಮರಳಿ ಬಂದು ನಾಲ್ಕೈದು ತಿಂಗಳು ಬದುಕಿದಳು. ರೊಟ್ಟಿ ಬಡಿಯಲು ಪಕ್ಕದ ಮನೆಯಾಕೆ ಬಂದಳು. ಪಲ್ಯ ಮಾತ್ರ ಅವ್ವನದೇ. ಬಾಯಿಗೆ ಹಾಕಿಕೊಂಡು, ರುಚಿ ನೋಡಿ, ಬೂದಿಯ ಡಬ್ಬಿಗೆ ಉಗುಳುವಳು. ಅದನ್ನು ಕಂಡು ಕೆಲವರು ಊಟಕ್ಕೆ ಬರುವುದನ್ನೇ ಬಿಟ್ಟರು. ನಾವು ನಾಲ್ಕಾರು ಮಂದಿ ಬಿಡಲಿಲ್ಲ. ಸಾಲಿ ಬಿಟ್ಟ ಮೇಲೆ ಲಾಳಿಕೆ ಹಿಡಿದು ಗಂಜಿ ಹೊಯ್ಯುವುದು ನನ್ನ ಪಾಲಿಗೆ ಬಂತು.

"ಉಪ್ಪ ಹಾಕೀರೇನ್ರಿ, ಮಾಸ್ತರ?" ಎಂದು ಒಂದು ದಿನ ಕೇಳಿದಳು.

"ಇಲ್ಲ ಅವ್ವಾರ. ಹೊಟ್ಟಿಗೇನ ಗೊತ್ತಾಗತೈತಿ?"

"ಹೊಟ್ಟಿಗಿ ಗೊತ್ತಾಗಂಗಿಲ್ಲ. ನನಗ ಗೊತ್ತಾಗತೈತಲ್ರಿ."

ಉಪ್ಪು ಕದಡಿ ತಂದೆ. ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು, "ಈಗ ಹೊಯ್ರಿ," ಅಂದಳು.

ಬೇಸಿಗೆ ಮುಗಿಯುವುದರೊಳಗೆ ತೀರಿಕೊಂಡಳು.

ದವಾಖಾನೆಯ ಕಾಗದದಲ್ಲಿ ಆಕೆಯ ಹೆಸರನ್ನು ಬರೆಸಿದವನು ನಾನೇ. ಊರೆಲ್ಲ ಅವ್ವ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಈಗ ಎಷ್ಟು ನೆನೆಸಿಕೊಂಡರೂ ಆ ಹೆಸರು ಬರುತ್ತಿಲ್ಲ… ಕೇಳೋಣವೆಂದರೆ ಆಕೆಯನ್ನು ಬಲ್ಲವರು ಯಾರೂ ಉಳಿದಿಲ್ಲ.