ತೂಕದ ಸೇತುವೆಯ ಕೆಳಗೊಬ್ಬ ಗುಂಡಿ ಭಾವ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಾರಿ ತೂಗುವ ಕಬ್ಬಿಣದ ಹಾಸಿನ ಕೆಳಗಿನ ಗುಂಡಿಯಿಂದ ಮೊದಲು ಒಂದು ಬಕೆಟ್ ಕೆಸರು ಹೊರಬರುತ್ತದೆ, ಆಮೇಲೆ ಒಂದು ಕೆಮ್ಮು, ಕೊನೆಗೆ ಮನುಷ್ಯ. ಇವರಿಗೆ 'ಗುಂಡಿ ಭಾವ' ಎಂದೇ ಹೆಸರು. ಮೇಲೆ ಕ್ಯಾಬಿನ್ನಿನಲ್ಲಿ ಕೂತು ತೂಕದ ಚೀಟಿ ಕೊಡುವವನು ಇವರ ಹೆಂಡತಿಯ ತಮ್ಮ. ಅವನು 'ಭಾವ' ಎಂದು ಕೂಗುವುದನ್ನು ಕೇಳಿ ಕೇಳಿ ಡ್ರೈವರುಗಳಿಗೂ ಅದೇ ರೂಢಿಯಾಗಿದೆ. "ಲೆಕ್ಕ ಹಾಕಿದ್ರೆ ಈ ಕ್ಯೂನಲ್ಲಿರೋರ ಅಕ್ಕಂದಿರನ್ನೆಲ್ಲ ನಾನೇ ಮದುವೆಯಾಗಿದ್ದೀನಿ" ಎನ್ನುತ್ತಾರೆ, ನಗದೆ.

ಹಾಸಿನ ಕೆಳಗೆ ಮೂಲೆಮೂಲೆಯಲ್ಲೂ ಉಕ್ಕಿನ ಗಟ್ಟಿಗಳಿವೆ. ಲೋಡ್ ಸೆಲ್ ಎನ್ನುತ್ತಾರೆ. ಲಾರಿ ಹತ್ತಿದಾಗ ಅವು ಕೂದಲೆಳೆಯಷ್ಟು ಕುಗ್ಗುತ್ತವೆ. ಅವಕ್ಕೆ ಅಂಟಿಸಿದ ಸಣ್ಣ ತಂತಿಯಲ್ಲಿ ಕರೆಂಟು ತುಸುವೇ ಬದಲಾಗುತ್ತದೆ, ಕ್ಯಾಬಿನ್ನಿನಲ್ಲಿ ಅಂಕಿ ಮೂಡುತ್ತದೆ. ಷರತ್ತು ಒಂದೇ: ಹಾಸು ಆ ಗಟ್ಟಿಗಳ ಮೇಲೆ ಮಾತ್ರ ಕೂತಿರಬೇಕು. ಸುತ್ತಲ ಗೋಡೆಗೂ ಅದಕ್ಕೂ ನಡುವೆ ಬೆರಳಗಲದ ಸಂದು. ಅಲ್ಲಿ ಕಲ್ಲೋ ಕೆಸರೋ ಸಿಕ್ಕಿಕೊಂಡರೆ ಲಾರಿಯ ಒಂದಿಷ್ಟು ಭಾರವನ್ನು ಅದೇ ಹೊತ್ತುಬಿಡುತ್ತದೆ, ಅಂಕಿ ಇಳಿಯುತ್ತದೆ. ದಿನಕ್ಕೆ ಇನ್ನೂರು ಲಾರಿ. ಚಕ್ರಕ್ಕೆ ಮೆತ್ತಿದ್ದೆಲ್ಲ ಗುಂಡಿಗೆ. ಮಂಡಿಯೂರಿ ಅದನ್ನು ತೆಗೆಯುವುದು ಇವರ ಕೆಲಸ.

"ರಾತ್ರಿ ಮಗ್ಗಲು ಬದಲಿಸ್ಬೇಕಾದ್ರೂ ಮಂಡೀನ ಒಂದು ಮಾತು ಕೇಳ್ಕೊಂಡೇ ಬದಲಿಸ್ತೀನಿ."

ಇವತ್ತು ತೂಕ ಪರೀಕ್ಷಿಸಿ ಮುದ್ರೆ ಹಾಕುವ ಸರ್ಕಾರಿ ಇನ್‌ಸ್ಪೆಕ್ಟರ್ ಬಂದಿದ್ದಾರೆ. ತೂಕ ತಪ್ಪಿದರೆ ಈ ತೂಕದ ಸೇತುವೆಗೆ ಬೀಗ. ಮತ್ತೆ ತೆರೆಯುವವರೆಗೆ ಭಾವನಿಗೂ ಭಾವಮೈದುನನಿಗೂ ಸಂಬಳವಿಲ್ಲ. ಪರೀಕ್ಷೆಯ ತೂಕದ ಬಟ್ಟುಗಳನ್ನು ಒಂದೊಂದೇ ಮೂಲೆಗೆ ಇಟ್ಟು ನೋಡುತ್ತಾರೆ. ಮೂರು ಮೂಲೆ ಸರಿ. ರಸ್ತೆ ಬದಿಯದು ಕಡಿಮೆ ತೋರಿಸುತ್ತದೆ.

"ಭಾವ, ಕೆಳಗೆ ಕ್ಲೀನ್ ಮಾಡಿದ್ರಿ ತಾನೇ?"

"ಇಲ್ಲ, ನಿಮ್ಮಕ್ಕನ ಹತ್ರ ಹರಟೆ ಹೊಡೀತಿದ್ದೆ. ಆ ಮೂಲೇಲಿ ಕೆಸರೇ ಇರ್ಲಿಲ್ಲ ಕಣೋ. ಪುಣ್ಯ ಅಂತ ಮುಂದೆ ಹೋದೆ."

ಟಾರ್ಚ್ ಹಿಡಿದು ಮತ್ತೆ ಇಳಿಯುತ್ತಾರೆ. ಹತ್ತಿ ಬರುವಾಗ ಕೈಯಲ್ಲಿ ಹಳೇ ಟೈರಿನ ಉದ್ದನೆಯ ಪಟ್ಟಿ. ಅದು ಸಂದಿನಲ್ಲಿ ಬಿಗಿಯಾಗಿ ಕೂತಿತ್ತಂತೆ. ಭಾವಮೈದುನನ ಮುಖ ಬಾಡುತ್ತದೆ.

"ನಿನ್ನೆ ಸಂಜೆ ನಾನೇ ತುರುಕಿದ್ದು ಭಾವ. ಕೆಸರು ಒಳಗೆ ಬೀಳದಿರ್ಲಿ ಅಂತ. ನೀವು ಕುಂಟ್ತಿದ್ರಿ."

ಭಾವ ಪಟ್ಟಿಯನ್ನೊಮ್ಮೆ, ಅವನನ್ನೊಮ್ಮೆ ನೋಡುತ್ತಾರೆ. "ಟೈರು ಹುಟ್ಟಿರೋದೇ ಭಾರ ಹೊರೋಕೆ. ಅಲ್ಲೂ ಅದನ್ನೇ ಮಾಡಿದೆ."

ಬಟ್ಟುಗಳು ಮತ್ತೆ ಮೂಲೆಗೆ ಹೋಗುತ್ತವೆ. ಅಂಕಿ ಈಗ ಸರಿಯಾಗಿದೆ. ಮುದ್ರೆ ಬೀಳುತ್ತದೆ, ಇನ್‌ಸ್ಪೆಕ್ಟರ್ ಹೊರಡುತ್ತಾರೆ, ಲಾರಿಗಳು ಹಾರ್ನ್ ಶುರುಮಾಡುತ್ತವೆ. ಆದರೆ ಪಟ್ಟಿ ಕಿತ್ತಾಗ ಅದರ ಮೇಲೆ ಕೂತಿದ್ದ ಕೆಸರೆಲ್ಲ ಒಟ್ಟಿಗೇ ಕೆಳಗೆ ಬಿದ್ದಿದೆ. ಅಂದರೆ ಇನ್ನೊಂದು ಸಲ ಇಳಿಯಬೇಕು.

ಅವನಿಗೆ ನಾಲ್ಕು ಮಾತು ಬೈಯಬಹುದಿತ್ತಲ್ಲ ಎಂದು ಕೇಳಿದರೆ, ಗೋಡೆ ಹಿಡಿದು ಒಂದು ಕಾಲನ್ನು ಗುಂಡಿಗೆ ಇಳಿಬಿಟ್ಟವರು ಹಾಗೇ ನಿಲ್ಲುತ್ತಾರೆ.

"ಬೈದು ಏನ್ಮಾಡ್ಲಿ? ನಾನು ಕುಂಟೋದು ಇಷ್ಟು ವರ್ಷಕ್ಕೆ ಒಬ್ಬನ ಕಣ್ಣಿಗಾದ್ರೂ ಬಿತ್ತಲ್ಲ."